ಸ್ಪೋರ್ಟ್ಸ್ ಕಾರಿನ ಟೆಸ್ಟ್ ಡ್ರೈವ್: ರಸ್ತೆಯಲ್ಲಿ ಏನು ನೋಡಬೇಕು, ಟ್ರ್ಯಾಕಿನಲ್ಲಿ ಏನು ನೋಡಬೇಕು

ಕೋಟಿ ದಾಟಿದ ಕಾರನ್ನು ಹದಿನೈದು ನಿಮಿಷ ಓಡಿಸಿ ಕೊಂಡುಬಿಡುವವರಿದ್ದಾರೆ. ಶೋರೂಮಿನಿಂದ ಹೊರಗೆ ಬಂದು, ಖಾಲಿ ಸಿಕ್ಕ ಮೊದಲ ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತಾರೆ. ಬೆನ್ನು ಸೀಟಿಗೆ ಅಂಟುತ್ತದೆ, ಪಕ್ಕದಲ್ಲಿ ಕೂತ ಸೇಲ್ಸ್‌ನವರು ನಗುತ್ತಾರೆ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಆದರೆ ಆ ಕಾರು ಜೋರಾಗಿ ಓಡುತ್ತದೆ ಎನ್ನುವುದು ಮನೆಯಿಂದ ಹೊರಡುವ ಮೊದಲೇ ಗೊತ್ತಿತ್ತಲ್ಲ. ಗೊತ್ತಿಲ್ಲದಿದ್ದುದು ಬೇರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗೇರು ಎಳೆದಾಡುತ್ತದೆಯೇ? ಹಂಪ್ಸ್ ಮೇಲೆ ಹೊಟ್ಟೆ ತಾಗುತ್ತದೆಯೇ? ರೇಸ್ ಟ್ರ್ಯಾಕಿನ ನಾಲ್ಕನೇ ಲ್ಯಾಪಿನಲ್ಲೂ, ಅಂದರೆ ನಾಲ್ಕನೇ ಸುತ್ತಿನಲ್ಲೂ, ಬ್ರೇಕು ಮೊದಲ ಲ್ಯಾಪಿನಷ್ಟೇ ಗಟ್ಟಿಯಾಗಿರುತ್ತದೆಯೇ? ತಿರುವಿನ ನಡುವೆ ಕಾಲು ಎತ್ತಿದರೆ ಹಿಂಭಾಗ ಏನು ಮಾಡುತ್ತದೆ?

ಈ ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ರಸ್ತೆ ಉತ್ತರ ಕೊಡುತ್ತದೆ, ಉಳಿದೆರಡಕ್ಕೆ ಟ್ರ್ಯಾಕ್. ಕಾರಿನ ಗುಣ ತಿಳಿಯುವುದು ರಸ್ತೆಯಲ್ಲಿ, ಅದರ ಮಿತಿ ತಿಳಿಯುವುದು ಟ್ರ್ಯಾಕಿನಲ್ಲಿ. ಟ್ರ್ಯಾಕಿನ ಪ್ರಶ್ನೆಯನ್ನು ರಸ್ತೆಯಲ್ಲಿ ಕೇಳಲು ಹೊರಟವರು ಆಸ್ಪತ್ರೆ ಸೇರುತ್ತಾರೆ. ಇಲ್ಲವೇ ಎದುರು ಬರುತ್ತಿದ್ದವರನ್ನು ಸೇರಿಸುತ್ತಾರೆ. ಕೆಳಗಿನ ಹಂತಗಳೆಲ್ಲ ಈ ಒಂದು ವಿಂಗಡಣೆಯ ಮೇಲೆ ನಿಂತಿವೆ.

ಉದಾಹರಣೆಗೆ ಒಂದೇ ಕಾರನ್ನು ಹಿಡಿದುಕೊಳ್ಳುತ್ತೇನೆ: ಪೋರ್ಷೆ 911 ಕರೇರಾ ಎಸ್, 992 ಪೀಳಿಗೆಯ ಮೊದಲ ರೂಪ. 2018ರ ಕೊನೆಯಲ್ಲಿ ಅನಾವರಣಗೊಂಡು, ಮರುವರ್ಷ ಭಾರತಕ್ಕೆ ಬಂದ ಕಾರಿದು. ಆರು ಸಿಲಿಂಡರಿನ 2981 ಸಿಸಿ ಎಂಜಿನ್, ಎರಡು ಟರ್ಬೊ, 450 ಅಶ್ವಶಕ್ತಿ, 530 ನ್ಯೂಟನ್ ಮೀಟರ್ ಟಾರ್ಕ್. ಬೇಕೆಂದವರು ಬೇರೆಯಾಗಿ ಹಾಕಿಸಿಕೊಳ್ಳುವ ಸ್ಪೋರ್ಟ್ ಕ್ರೋನೊ ಪ್ಯಾಕೇಜ್ ಇದ್ದರೆ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 3.5 ಸೆಕೆಂಡ್, ಗರಿಷ್ಠ ವೇಗ ಗಂಟೆಗೆ 308 ಕಿ.ಮೀ. ಎಂಜಿನ್ ಹಿಂದಿನ ಆಕ್ಸಲ್‌ಗೂ ಹಿಂದೆ ಕೂತಿರುತ್ತದೆ. ಈ ಕಾರಿನ ಒಳಿತು ಕೆಡುಕು ಎರಡೂ ಅಲ್ಲಿಂದಲೇ ಹುಟ್ಟುತ್ತವೆ. ಮಸ್ಟ್ಯಾಂಗ್, ಎಂ4, ಎಎಂಜಿ ಯಾವುದನ್ನೇ ನೋಡಲು ಹೊರಟರೂ ಕ್ರಮ ಇದೇ. ತಿರುವಿನಲ್ಲಿ ಸಿಗುವ ಉತ್ತರಗಳು ಮಾತ್ರ ಬೇರೆ.

ಹಂತ 1: ಕೀ ಕೈಗೆ ಬರುವ ಮೊದಲು ಕಾಗದ

ನಮ್ಮ ದೇಶದ ಖಾಸಗಿ ಕಾರಿನ ವಿಮಾ ಪಾಲಿಸಿಯನ್ನು ತೆರೆದು ‘ಬಳಕೆಯ ಮಿತಿ’ ಎಂಬ ಭಾಗ ಓದಿ. ಆಯೋಜಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ಬಳಸಿದರೆ ಪಾಲಿಸಿ ಅನ್ವಯಿಸದು ಎಂದು ಅಲ್ಲಿ ಸ್ಪಷ್ಟವಾಗಿ ಇರುತ್ತದೆ. ಅಂದರೆ ಟ್ರ್ಯಾಕಿನಲ್ಲಿ ಗೋಡೆಗೆ ತಾಗಿಸಿದರೆ ಖರ್ಚೆಲ್ಲ ನಿಮ್ಮದು ಅಥವಾ ಕಾರಿನ ಒಡೆಯರದು. ಇದು ಮೊದಲೇ ಇತ್ಯರ್ಥವಾಗಿರಬೇಕು, ಅದೂ ಬರಹದಲ್ಲಿ. ಬಾಯಿಮಾತಿನ ‘ಏನೂ ಆಗಲ್ಲ ಸರ್, ಓಡಿಸಿ’ ಎಂಬುದಕ್ಕೆ ಅಪಘಾತದ ಮರುದಿನ ಬೆಲೆ ಇರುವುದಿಲ್ಲ.

ಶೋರೂಮಿನ ಡೆಮೊ ಕಾರನ್ನು ಟ್ರ್ಯಾಕಿಗೆ ಒಯ್ಯುವ ಯೋಚನೆ ಬಿಟ್ಟುಬಿಡಿ. ದಾರಿ ಮೂರು. ಕಂಪನಿಗಳೇ ಟ್ರ್ಯಾಕಿನಲ್ಲಿ ಏರ್ಪಡಿಸುವ ಡ್ರೈವಿಂಗ್ ಕಾರ್ಯಕ್ರಮಗಳು ಒಂದು. ಅಲ್ಲಿ ಕಾರು, ಟೈರು, ತರಬೇತುದಾರ ಎಲ್ಲ ಅವರದೇ. ಎರಡನೆಯದು, ಸೆಕೆಂಡ್ ಹ್ಯಾಂಡ್ ಕಾರಾದರೆ ಮಾರುವವರ ಲಿಖಿತ ಒಪ್ಪಿಗೆ ಪಡೆದು, ಹಾನಿಯಾದರೆ ಯಾರು ಎಷ್ಟು ಭರಿಸಬೇಕು ಎಂದು ಬರೆದುಕೊಂಡು, ಟ್ರ್ಯಾಕ್ ಡೇಗೆ, ಅಂದರೆ ಜನ ತಮ್ಮ ಕಾರನ್ನೇ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಕ್ಕೆ, ಒಯ್ಯುವುದು. ಮೂರನೆಯದು, ಅದೇ ಮಾದರಿಯ ಕಾರು ಇರುವ ಗೆಳೆಯರ ಜೊತೆ ಹೋಗಿ ಪಕ್ಕದ ಸೀಟಿನಲ್ಲಿ ಕೂರುವುದು. ಪಕ್ಕದ ಸೀಟಿನಿಂದಲೂ ಅರ್ಧ ಉತ್ತರ ಸಿಗುತ್ತದೆ, ಅದನ್ನು ಕಡೆಗಣಿಸಬೇಡಿ.

ಕಾಗದದ ಜೊತೆಗೇ ಸರ್ವೀಸ್ ಇತಿಹಾಸ ನೋಡಿ. ಬ್ರೇಕ್ ಆಯಿಲ್ ಕೊನೆಯ ಬಾರಿ ಬದಲಾದ ದಿನಾಂಕವನ್ನು ಪ್ರತ್ಯೇಕವಾಗಿ ಕೇಳಿ, ಯಾಕೆಂದು ಮುಂದೆ ಹೇಳುತ್ತೇನೆ. ಮ್ಯಾನುಯಲ್ ಗೇರಿನ ಪೋರ್ಷೆಯಾದರೆ ಎಂಜಿನ್ ಕಂಪ್ಯೂಟರಿನಿಂದ ಓವರ್‌ರೆವ್ ವರದಿ ತೆಗೆಸಿ. ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದ ಗೇರು ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ. ಎಷ್ಟು ಮೀರಿತು, ಎಷ್ಟು ಗಂಟೆ ಓಡಿದಾಗ ಮೀರಿತು ಎಂಬುದನ್ನು ಆ ಕಂಪ್ಯೂಟರ್ ಶ್ರೇಣಿ ಶ್ರೇಣಿಯಾಗಿ ದಾಖಲಿಸಿಟ್ಟಿರುತ್ತದೆ.

ಹಂತ 2: ನಿಂತ ಕಾರನ್ನು ಓದುವುದು

ಅರ್ಧ ಗಂಟೆ ಬೇಕು. ಮಾರುವವರು ಆತುರಪಡಿಸಿದರೂ ಬಿಡಬೇಡಿ.

ಟೈರಿನಿಂದ ಶುರುಮಾಡಿ. ಕರೇರಾ ಎಸ್‌ಗೆ ಮುಂದೆ 245/35 ಅಳತೆಯ 20 ಇಂಚು, ಹಿಂದೆ 305/30 ಅಳತೆಯ 21 ಇಂಚು. ಪೋರ್ಷೆ ಒಪ್ಪಿದ ಟೈರಿನ ಪಕ್ಕದಲ್ಲಿ ‘ಎನ್’ ಅಕ್ಷರ, ಅದರ ಜೊತೆ ಒಂದು ಅಂಕಿ ಅಚ್ಚಾಗಿರುತ್ತದೆ. ಅಲ್ಲೇ ತಯಾರಿಕೆಯ ನಾಲ್ಕು ಅಂಕಿಗಳೂ ಇರುತ್ತವೆ: 2321 ಎಂದಿದ್ದರೆ 2021ರ 23ನೇ ವಾರ. ಕಡಿಮೆ ಓಡಿದ ಸ್ಪೋರ್ಟ್ಸ್ ಕಾರುಗಳಲ್ಲಿ ಟೈರಿನ ಹಲ್ಲು ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ. ಗಟ್ಟಿ ರಬ್ಬರಿನ ಮೇಲೆ ಮಾಡಿದ ಪರೀಕ್ಷೆ ಆ ಕಾರಿನ ಪರೀಕ್ಷೆಯಲ್ಲ, ಹಳೆಯ ಟೈರಿನ ಪರೀಕ್ಷೆ. ನಾಲ್ಕೂ ಒಂದೇ ಕಂಪನಿಯದಾಗಿರಲಿ. ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರ್ ದ್ರವ ಮತ್ತು ಗಾಳಿ ಪಂಪ್ ಮಾತ್ರ ಎನ್ನುವುದೂ ನೆನಪಿರಲಿ.

ಬ್ರೇಕ್ ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂಬುದು ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಅಂಚಿನಲ್ಲಿ ಬೆರಳಾಡಿಸಿ, ಏಣು ಎಷ್ಟು ಎದ್ದಿದೆ ನೋಡಿ. ಎಂಜಿನ್ ಆಯಿಲ್ ನೋಡಲು ಈ ಕಾರಿನಲ್ಲಿ ಅಳತೆ ಕಡ್ಡಿ ಇಲ್ಲ, ಮಟ್ಟ ಪರದೆಯ ಮೇಲೆ ತೋರುತ್ತದೆ. ಹೊರಡುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಆಮೇಲೆ ಸೀಟು. ಬ್ರೇಕನ್ನು ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಒರಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು. ಕೈಗಳ ಜಾಗ ಗಡಿಯಾರದ ಒಂಬತ್ತು ಮತ್ತು ಮೂರು. ಟ್ರ್ಯಾಕಿಗೆ ಹೋಗುವ ಉದ್ದೇಶವಿದ್ದರೆ ಹೆಲ್ಮೆಟ್ ಹಾಕಿಕೊಂಡೇ ಕೂತು ನೋಡಿ. ಎತ್ತರದವರಿಗೆ, ಅದರಲ್ಲೂ ಸನ್‌ರೂಫ್ ಇರುವ ಕಾರಿನಲ್ಲಿ, ತಲೆ ತಾಗುವ ವಿಷಯ ಇಲ್ಲೇ ಗೊತ್ತಾಗಿಬಿಡುತ್ತದೆ. ಮಕ್ಕಳಿದ್ದರೆ ಹಿಂದಿನ ಸೀಟಿನಲ್ಲಿ ಅವರನ್ನೇ ಕೂರಿಸಿ ನೋಡಿ. ದೊಡ್ಡವರಿಗೆ ಅಲ್ಲಿ ಜಾಗವಿಲ್ಲ.

ಹಂತ 3: ಊರೊಳಗೆ, ತಣ್ಣಗಿನ ಎಂಜಿನ್ನಿನಲ್ಲಿ

ಪರೀಕ್ಷೆಯ ದಿನ ಎಂಜಿನ್ನನ್ನು ಮೊದಲೇ ಬಿಸಿ ಮಾಡಿ ಇಡಬೇಡಿ ಎಂದು ಹೇಳಿಡಿ. ತಣ್ಣಗೆ ಸ್ಟಾರ್ಟ್ ಆಗುವ ಸದ್ದು, ಹೊಗೆ, ಮೊದಲ ನಿಮಿಷದ ನಡುಕ ನಿಮ್ಮ ಕಿವಿಗೇ ಬೀಳಬೇಕು. ಆಯಿಲ್ ತಾಪಮಾನ 80 ಡಿಗ್ರಿ ದಾಟುವವರೆಗೆ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಆಸುಪಾಸಿನಲ್ಲೇ ಇರಿ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ನೋಡಬೇಕಾದ ಮುಳ್ಳು ಆಯಿಲಿನದು.

ಈ ಹೊತ್ತನ್ನು ಟ್ರಾಫಿಕ್ಕಿನಲ್ಲಿ ಕಳೆಯಿರಿ. ನನ್ನ ಮಟ್ಟಿಗೆ ಸ್ಪೋರ್ಟ್ಸ್ ಕಾರಿನ ಅತಿ ಪ್ರಾಮಾಣಿಕ ಪರೀಕ್ಷೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ನಡೆಯುತ್ತದೆ. ಎಂಟು ಗೇರಿನ ಪಿಡಿಕೆ ಒಳಗೆ ಎರಡು ಕ್ಲಚ್ ಇರುವ ಗೇರ್‌ಬಾಕ್ಸ್. ಬ್ರೇಕ್ ಬಿಟ್ಟಾಗ ಅದು ಮೆಲ್ಲಗೆ ತೆವಳುತ್ತದೆಯೇ, ಜಗ್ಗಿ ಹೊರಡುತ್ತದೆಯೇ? ಒಂದರಿಂದ ಎರಡಕ್ಕೆ, ಮತ್ತೆ ಎರಡರಿಂದ ಒಂದಕ್ಕೆ ಇಳಿಯುವಾಗ ತಟ್ಟಿದ ಅನುಭವವಾಗುತ್ತದೆಯೇ? ಏರಿನ ಫ್ಲೈಓವರ್ ಮೇಲೆ ನಿಂತು ಹೊರಟಾಗ ಹಿಂದಕ್ಕೆ ಸರಿಯುತ್ತದೆಯೇ? ಬೇಸಿಗೆ ಮಧ್ಯಾಹ್ನ ಎಸಿ ಸಾಕಾಗುತ್ತದೆಯೇ?

ನಮ್ಮ ಹಂಪ್ಸ್‌ಗಳಿಗೆ ಅಳತೆಯೆಂಬುದಿಲ್ಲ. ಹಾಗಾಗಿ ನೀವು ದಿನಾ ದಾಟುವ ನಾಲ್ಕಾರು ಹಂಪ್ಸ್, ಮನೆಯ ಗೇಟಿನ ಇಳಿಜಾರು, ಆಫೀಸಿನ ಬೇಸ್‌ಮೆಂಟ್ ರ್‍ಯಾಂಪ್ ಇಷ್ಟನ್ನೂ ದಾಟಿಸಿಯೇ ನೋಡಿ. ಮುಂಭಾಗ ಎತ್ತುವ ಫ್ರಂಟ್ ಲಿಫ್ಟ್ ಸೌಲಭ್ಯ ಇರುವ ಕಾರನ್ನೇ ಹುಡುಕಿ. ಬೆಂಗಳೂರಿನಲ್ಲಿ ಓಡಿಸುವವರಿಗೆ ಅದು ಚರ್ಮದ ಸೀಟಿಗಿಂತ, ದೊಡ್ಡ ಮ್ಯೂಸಿಕ್ ಸಿಸ್ಟಮ್ಮಿಗಿಂತ ಮುಖ್ಯ. ಮುಂದಿನ ಟೈರಿನ ಪಕ್ಕದ ಗೋಡೆಯ ಎತ್ತರ ಸುಮಾರು 86 ಮಿ.ಮೀ. ಮಾತ್ರ. ಗುಂಡಿಗೆ ಬಿದ್ದರೆ ಏಟು ನೇರ ರಿಮ್ಮಿಗೆ. ಅದಕ್ಕೇ ಇಪ್ಪತ್ತರಿಂದ ನಲವತ್ತು ಕಿ.ಮೀ. ವೇಗದಲ್ಲಿ ತೇಪೆ ಹಾಕಿದ ರಸ್ತೆಯ ಮೇಲೆ ಸಸ್ಪೆನ್ಷನ್ನಿನ ನಾರ್ಮಲ್ ಮತ್ತು ಸ್ಪೋರ್ಟ್ ಎರಡೂ ಸೆಟ್ಟಿಂಗ್ ಹಾಕಿ, ಅದೇ ರಸ್ತೆಯನ್ನು ಎರಡು ಸಲ ದಾಟಿ. ಡ್ಯಾಶ್‌ಬೋರ್ಡ್ ಕಿರುಗುಟ್ಟಿದರೆ ಕಿವಿಗೊಡಿ.

ಹಂತ 4: ಹೆದ್ದಾರಿ

2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120 ಕಿ.ಮೀ., ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ 100 ಕಿ.ಮೀ. ಗರಿಷ್ಠ ಮಿತಿ, ರಾಜ್ಯಗಳು ಇದಕ್ಕಿಂತ ಕಡಿಮೆ ಮಾಡಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಉದ್ದಕ್ಕೂ ಕ್ಯಾಮೆರಾ. ಕರ್ನಾಟಕದಲ್ಲಿ 130 ಕಿ.ಮೀ. ಮೀರಿದವರ ಮೇಲೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ಹಾಕಲಾಗುತ್ತಿದೆ. 450 ಅಶ್ವಶಕ್ತಿಯ ಕಾರು ಸೊನ್ನೆಯಿಂದ 100ರ ಮಿತಿ ಮುಟ್ಟಲು ನಾಲ್ಕು ಸೆಕೆಂಡ್ ಬೇಡ. ಹಾಗಾಗಿ ಹೆದ್ದಾರಿಯಲ್ಲಿ ವೇಗವನ್ನು ಪರೀಕ್ಷಿಸಲು ಆಗುವುದಿಲ್ಲ, ಪರೀಕ್ಷಿಸುವ ಅಗತ್ಯವೂ ಇಲ್ಲ.

ಇಲ್ಲಿ ಮುಖ್ಯವಾಗಿ ಎರಡು ವಿಷಯ ನೋಡಿ. ಮೊದಲನೆಯದು ಓವರ್‌ಟೇಕ್ ಶಕ್ತಿ. ಮ್ಯಾನುಯಲ್ ಮೋಡಿನಲ್ಲಿ ನಾಲ್ಕನೇ ಗೇರು ಹಾಕಿ 60ರಿಂದ 100ಕ್ಕೆ ಎಳೆಯಿರಿ. ಕಾಲು ಒತ್ತಿದ ಕ್ಷಣಕ್ಕೂ ಕಾರು ನೂಕಿದ ಕ್ಷಣಕ್ಕೂ ನಡುವೆ ಎಷ್ಟು ಅಂತರ? ಅದು ಟರ್ಬೊ ತೆಗೆದುಕೊಳ್ಳುವ ಸಮಯ. ಅದನ್ನೇ ಆಟೊಮ್ಯಾಟಿಕ್ ಮೋಡಿನಲ್ಲಿ ಮತ್ತೆ ಮಾಡಿ, ಗೇರ್‌ಬಾಕ್ಸ್ ಆ ಅಂತರವನ್ನು ಹೇಗೆ ಮುಚ್ಚುತ್ತದೆ ನೋಡಿ. ಸ್ಪೋರ್ಟ್ ಕ್ರೋನೊ ಇರುವ ಕಾರಿನಲ್ಲಿ ಸ್ಟೀರಿಂಗ್ ಮೇಲಿನ ಮೋಡ್ ಗುಂಡಿಯ ನಡುವೆ ಸ್ಪೋರ್ಟ್ ರೆಸ್ಪಾನ್ಸ್ ಬಟನ್ ಇದೆ. ಒತ್ತಿದರೆ 20 ಸೆಕೆಂಡು ಎಂಜಿನ್ನು ಗೇರು ಎರಡನ್ನೂ ಅತಿ ಚುರುಕಿನ ಸ್ಥಿತಿಗೆ ತರುತ್ತದೆ.

ಎರಡನೆಯದು ಸ್ಟೀರಿಂಗಿನ ನಡುಭಾಗ. 100ರ ವೇಗದಲ್ಲಿ, ಅಕ್ಕಪಕ್ಕ ಯಾರೂ ಇಲ್ಲದಾಗ, ಕೂದಲೆಳೆಯಷ್ಟು ತಿರುಗಿಸಿ. ಕಾರು ತಕ್ಷಣ ಕೇಳಿಸಿಕೊಳ್ಳುತ್ತದೆಯೇ, ಒಂದಿಷ್ಟು ಸಡಿಲವಿದ್ದು ಆಮೇಲೆ ಹೊರಳುತ್ತದೆಯೇ? ಇಡೀ ದಿನ ಓಡಿಸಿದಾಗ ದಣಿವು ತರುವುದೂ ತರದಿರುವುದೂ ಈ ಸಣ್ಣ ಗುಣ. ಟೈರಿನ ಸದ್ದನ್ನೂ ಕೇಳಿ. ಅಗಲದ ಹಿಂದಿನ ಟೈರುಗಳು ಕಾಂಕ್ರೀಟ್ ರಸ್ತೆಯಲ್ಲಿ ಮಾತಿಗೆ ಅಡ್ಡಿಯಾಗುವಷ್ಟು ಗುಂಯ್‌ಗುಡುತ್ತವೆ. ಮಳೆ ಬಂದರೆ ಪರೀಕ್ಷೆ ನಿಲ್ಲಿಸಬೇಡಿ, ವೇಗ ಇಳಿಸಿ ಮುಂದುವರಿಸಿ. ಚಕ್ರದ ಗೂಡಿಗೆ ಸಿಡಿಯುವ ನೀರಿನ ಸದ್ದನ್ನು ಸೆನ್ಸರಿನಿಂದ ಗುರುತಿಸಿ ‘ವೆಟ್ ಮೋಡ್ ಹಾಕಿ’ ಎಂದು 992 ಎಚ್ಚರಿಸುತ್ತದೆ. ಆ ಮೋಡಿನಲ್ಲಿ ಕಾಲಿನ ಒತ್ತಡಕ್ಕೆ ಎಂಜಿನ್ ಎಷ್ಟು ಮೃದುವಾಗುತ್ತದೆ ಎನ್ನುವುದು ತಿಳಿದಿರಬೇಕಾದ ಸಂಗತಿ.

ಹೆದ್ದಾರಿಯಲ್ಲಿ ಪೂರ್ತಿ ಬ್ರೇಕ್ ಒತ್ತಿ ನೋಡಬೇಡಿ. ನೀವು ನಿಲ್ಲುತ್ತೀರಿ, ಹಿಂದಿನ ಲಾರಿ ನಿಲ್ಲುವುದಿಲ್ಲ.

ಹಂತ 5: ಘಾಟಿ

ಬೆಂಗಳೂರಿನಿಂದ ಚೆನ್ನೈ ಕಡೆ ಹೊರಟವರಿಗೆ ವಾಣಿಯಂಬಾಡಿ ಬಳಿ ಪಕ್ಕಕ್ಕೆ ಸರಿದರೆ ಏಲಗಿರಿ ಬೆಟ್ಟ ಸಿಗುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಏರು. ಮುಂದೆ ಟ್ರ್ಯಾಕಿಗೂ ಇದೇ ದಾರಿ, ಹಾಗಾಗಿ ನಾನು ಇದನ್ನೇ ಸೂಚಿಸುತ್ತೇನೆ. ವಾರದ ನಡುವೆ, ಬೆಳಕು ಹರಿದ ಮೇಲೆ ಹೋಗಿ. ನಂದಿಬೆಟ್ಟಕ್ಕೆ ಭಾನುವಾರ ಬೆಳಗ್ಗೆ ಹೋದರೆ ಬೈಕುಗಳ ಸಾಲಿನ ಹಿಂದೆ ತೆವಳುವುದಷ್ಟೇ. ಆಗುಂಬೆ, ಚಾರ್ಮಾಡಿ ನೋಡಲು ಚೆಂದ. ಆದರೆ ಇಕ್ಕಟ್ಟಿನ ತಿರುವು, ಎದುರಿನ ಬಸ್ಸು, ಮಳೆಗಾಲದ ಮಂಜಿನ ನಡುವೆ ತಗ್ಗು ಕಾರಿನ ಗುಣ ನೋಡುವ ಜಾಗ ಅವಲ್ಲ.

ನಿಯಮ ಒಂದೇ: ಕಣ್ಣಿಗೆ ಕಾಣುವ ರಸ್ತೆಯ ಅರ್ಧದೊಳಗೆ ನಿಲ್ಲಿಸಲು ಆಗಬೇಕು. ಉಳಿದರ್ಧ ಎದುರು ಬರುವವರದು. ಬೆಟ್ಟ ಏರುತ್ತಿರುವ ವಾಹನಕ್ಕೆ ದಾರಿ ಬಿಡುವುದು ಕಾನೂನು, ಇಳಿಯುವಾಗ ನೆನಪಿರಲಿ.

ಎಂಜಿನ್ ಹಿಂದೆ ಇರುವುದರ ಪರಿಣಾಮ ಇಲ್ಲಿ ಮೊದಲ ಬಾರಿ ಕೈಗೆ ತಿಳಿಯುತ್ತದೆ. ಏರಿನ ಹೇರ್‌ಪಿನ್ನಿನಲ್ಲಿ ಭಾರವೆಲ್ಲ ಹಿಂದಕ್ಕೆ ಸರಿದು ಮೂತಿ ಹಗುರಾಗುತ್ತದೆ. ಬೇಗ ಕಾಲು ಒತ್ತಿದರೆ ಮುಂದಿನ ಚಕ್ರ ತಿರುಗಿದ್ದರೂ ಕಾರು ನೇರಕ್ಕೆ ಜಾರಲು ನೋಡುತ್ತದೆ. ನಿಧಾನದ ವೇಗದಲ್ಲೇ ಸ್ಟೀರಿಂಗಿನ ಭಾರ ಕಡಿಮೆಯಾಗುವುದನ್ನು ಬೆರಳುಗಳಲ್ಲಿ ಗುರುತಿಸಿ. ಆದರೆ ಹೊರಬರುವಾಗ ಅದೇ ಭಾರ ಹಿಂದಿನ ಟೈರನ್ನು ರಸ್ತೆಗೆ ಒತ್ತಿ ಹಿಡಿಯುವುದರಿಂದ, ಎಂಜಿನ್ ಮುಂದಿರುವ ಕಾರು ಚಕ್ರ ತಿರುಗಿಸಿ ಒದ್ದಾಡುವಲ್ಲಿ ಇದು ಸರಾಗ ಹೊರಡುತ್ತದೆ. ಇಳಿಯುವಾಗ ಪ್ಯಾಡಲ್‌ನಿಂದ ಗೇರು ಇಳಿಸಿ ಎಂಜಿನ್ ಬ್ರೇಕಿನಲ್ಲೇ ಇಳಿಯಿರಿ. ಬುಡ ತಲುಪಿದಾಗ ಬ್ರೇಕಿನಿಂದ ಕಮಟು ವಾಸನೆ ಬಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಿರಬಹುದು, ಇಲ್ಲವೇ ನಿಮ್ಮ ಕಾಲು ಬ್ರೇಕಿನ ಮೇಲೆ ಹೆಚ್ಚು ಹೊತ್ತು ಇತ್ತು.

ಹಂತ 6: ಟ್ರ್ಯಾಕಿಗೆ ಹೊರಡುವ ಮುನ್ನ

ಬೆಂಗಳೂರಿನವರಿಗೆ ಅನುಕೂಲದ ಜಾಗ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟ್ಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ ಇದು 1990ರಲ್ಲಿ ಶುರುವಾಯಿತು. ಸುತ್ತು ಸುಮಾರು 3.7 ಕಿ.ಮೀ., ಹನ್ನೆರಡು ತಿರುವು. ಬೆಂಗಳೂರಿನಿಂದ ಸುಮಾರು 300 ಕಿ.ಮೀ., ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಮಾತ್ರ, ಇಷ್ಟು ಶಕ್ತಿಯ ಕಾರಿಗೆ ಇಕ್ಕಟ್ಟು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ವಿಶಾಲ, ವೇಗ ನೋಡಲು ಅದಕ್ಕಿಂತ ಒಳ್ಳೆಯ ಜಾಗ ದೇಶದಲ್ಲಿಲ್ಲ. ಆದರೆ ದೂರ. ಚೆನ್ನೈ ಕಡೆಗಾದರೆ ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಕಾರಿಗಿಂತ ಮೊದಲು ಚಾಲಕ ಬಳಲುತ್ತಾನೆ.

ಬೇಕಾದ ಸಾಮಾನು ಕಡಿಮೆ, ಆದರೆ ಸರಿಯಾದದ್ದೇ ಇರಬೇಕು. ಹೆಲ್ಮೆಟ್ ಕಾರ್ ರೇಸಿಂಗ್ ಪ್ರಮಾಣದ್ದಾಗಿರಲಿ, ಸ್ನೆಲ್ ಎಸ್‌ಎ ಗುರುತಿನದು. ಬೈಕ್ ಹೆಲ್ಮೆಟ್ಟಿನ ಒಳಪದರಕ್ಕೆ ಬೆಂಕಿ ತಡೆಯುವ ಗುಣ ಇರುವುದಿಲ್ಲ. ತುಂಬು ತೋಳಿನ ಹತ್ತಿ ಬಟ್ಟೆ, ತೆಳು ಅಡಿಯ ಶೂ. ನೈಲಾನ್, ಪಾಲಿಯೆಸ್ಟರ್ ಬೇಡ. ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಗಾಳಿ ಒತ್ತಡದ ಮೀಟರ್, ಟಾರ್ಕ್ ವ್ರೆಂಚ್, ಐದಾರು ಲೀಟರ್ ಕುಡಿಯುವ ನೀರು, ಒಂದಿಷ್ಟು ಉಪ್ಪು-ಸಕ್ಕರೆ. ಚಕ್ರದ ಬೋಲ್ಟುಗಳನ್ನು ಈ ಕಾರಿನಲ್ಲಿ 160 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಬೇಕು. ಪೆಟ್ರೋಲ್ 95 ಆಕ್ಟೇನ್‌ಗಿಂತ ಕಡಿಮೆಯದು ಬೇಡ, ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಸಿಗುವ ಬಂಕ್ ದಾರಿಯಲ್ಲಿದ್ದರೆ ಅದೇ ಒಳ್ಳೆಯದು. ಕಾರೊಳಗಿನ ನೀರಿನ ಬಾಟಲಿ, ಫೋನು, ಕಾಲ್‌ಮ್ಯಾಟ್ ಎಲ್ಲ ಹೊರಗೆ. ಬಾಟಲಿಯೊಂದು ಉರುಳಿ ಬ್ರೇಕಿನಡಿ ಸೇರಿದರೆ ಮುಂದಿನದನ್ನು ಊಹಿಸುವುದೂ ಬೇಡ.

ಬೆಳಗಿನ ಬ್ರೀಫಿಂಗ್ ತಪ್ಪಿಸಬೇಡಿ. ಧ್ವಜಗಳು ಬಾಯಿಪಾಠವಾಗಿರಲಿ: ಹಳದಿ ಎಂದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ, ಕೆಂಪು ಎಂದರೆ ಸೆಷನ್ ನಿಂತಿತು, ನಿಧಾನವಾಗಿ ಪಿಟ್‌ಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ), ನೀಲಿ ಎಂದರೆ ಹಿಂದೆ ವೇಗದ ಕಾರು ಬಂದಿದೆ, ದಾರಿ ಕೊಡಿ, ಹಳದಿ-ಕೆಂಪು ಪಟ್ಟೆ ಎಂದರೆ ಜಾರುವ ನೆಲ, ಕಪ್ಪು ಎಂದರೆ ನೀವೇ ಪಿಟ್‌ಗೆ ಬನ್ನಿ.

ಹಂತ 7: ಮೊದಲ ಸೆಷನ್, ಕಣ್ಣಿಗೆ ಮಾತ್ರ

ಪಕ್ಕದಲ್ಲಿ ತರಬೇತುದಾರ, ಕಾರು ಜಾರತೊಡಗಿದರೆ ತಾನೇ ಹಿಡಿದು ಸರಿಪಡಿಸುವ ಸ್ಟೆಬಿಲಿಟಿ ಕಂಟ್ರೋಲ್ ಪೂರ್ತಿ ಆನ್, ಮೋಡ್ ನಾರ್ಮಲ್ ಅಥವಾ ಸ್ಪೋರ್ಟ್. ಲ್ಯಾಪ್ ಟೈಮರ್ ಬೇಡ. ಈ ಸೆಷನ್ನಿನಲ್ಲಿ ಕಲಿಯುವುದು ಟ್ರ್ಯಾಕನ್ನು, ಕಾರು ಆಮೇಲೆ.

ಪ್ರತಿ ತಿರುವಿಗೆ ಮೂರು ಗುರುತು ಹುಡುಕಿ: ಬ್ರೇಕ್ ಶುರುವಾಗುವ ಜಾಗ, ಸ್ಟೀರಿಂಗ್ ತಿರುಗಿಸುವ ಜಾಗ, ಒಳ ಅಂಚು ಮುಟ್ಟುವ ಜಾಗ. ಒಂದು ಮುಟ್ಟುವಾಗ ಕಣ್ಣು ಮುಂದಿನದರ ಮೇಲಿರಲಿ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 55 ಮೀಟರ್ ಕಳೆದುಹೋಗುತ್ತದೆ. ಬಾನೆಟ್ಟಿನ ಮುಂದಿನ ನೆಲ ನೋಡುತ್ತಿದ್ದರೆ ಯಾವುದಕ್ಕೂ ಹೊತ್ತು ಸಾಲದು. ಒಳ ಅಂಚನ್ನು ಸ್ವಲ್ಪ ತಡವಾಗಿಯೇ ಮುಟ್ಟಿ. ಬೇಗ ಮುಟ್ಟಿದರೆ ಹೊರಬರುವಾಗ ಟ್ರ್ಯಾಕ್ ಮುಗಿದುಹೋಗುತ್ತದೆ. ಮುಖ್ಯ ನೇರದ ಕೊನೆಗೆ ಬರುವ ಮೊದಲ ತಿರುವು, ಸಿ1, ಬಹಳ ವೇಗದ್ದು, ಅಲ್ಲಿ ಧೈರ್ಯ ತೋರಿಸುವ ದಿನ ಇದಲ್ಲ. ಈ ಕಾರಿನ ಬಗ್ಗೆ ತಿಳಿಯಬೇಕಾದದ್ದೆಲ್ಲ ನಿಧಾನದ ತಿರುವುಗಳಲ್ಲೇ ಸಿಗುತ್ತದೆ.

ಹಂತ 8: ಬ್ರೇಕ್, ಎಲ್ಲಕ್ಕಿಂತ ಮುಖ್ಯ

ನನ್ನನ್ನು ಕೇಳಿದರೆ ಟ್ರ್ಯಾಕ್ ಪರೀಕ್ಷೆಯ ಮುಕ್ಕಾಲು ಪಾಲು ಬ್ರೇಕಿನದು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಚಾಲಕನೂ ಸೇರಿ 1600 ಕೆ.ಜಿ. ತೂಗುವ ಕಾರನ್ನು 200ರಿಂದ 100ಕ್ಕೆ ಇಳಿಸುವಾಗ ಡಿಸ್ಕುಗಳಿಗೆ ಸೇರುವ ಶಾಖ ಐದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅದೂ ಕೆಲವೇ ಸೆಕೆಂಡಿನಲ್ಲಿ, ಒಂದೇ ಲ್ಯಾಪಿನಲ್ಲಿ ಮತ್ತೆ ಮತ್ತೆ.

ಎರಡನೇ ಸೆಷನ್ನಿನಲ್ಲಿ ಹೀಗೆ ಮಾಡಿ. ಉದ್ದದ ನೇರ ಮುಗಿಯುವಲ್ಲಿ ಎದ್ದು ಕಾಣುವ ಒಂದು ಗುರುತು ಆರಿಸಿ, ಅಗತ್ಯಕ್ಕಿಂತ ಸಾಕಷ್ಟು ಮುಂಚಿನದು. ಪ್ರತಿ ಲ್ಯಾಪಿನಲ್ಲೂ ಅದೇ ವೇಗದಲ್ಲಿ ಬಂದು, ಅದೇ ಗುರುತಿನಲ್ಲಿ, ಕಾರು ನೇರವಿದ್ದಾಗ ಗಟ್ಟಿಯಾಗಿ ಬ್ರೇಕ್ ಒತ್ತಿ. ಮೊದಲು ಜೋರು, ವೇಗ ಇಳಿದಂತೆ ಒತ್ತಡವನ್ನೂ ಇಳಿಸುತ್ತಾ ಬನ್ನಿ. ಮೂರು ನಾಲ್ಕು ಲ್ಯಾಪ್ ಸಾಕು. ಪೆಡಲ್ ಪ್ರತಿ ಸಲ ಅದೇ ಎತ್ತರದಲ್ಲಿ ಕಚ್ಚುತ್ತದೆಯೇ ಎಂದು ಪಾದಕ್ಕೆ ಕೇಳಿ.

ಕೆಡುವುದರಲ್ಲಿ ಎರಡು ಬಗೆ ಇದೆ, ವ್ಯತ್ಯಾಸ ಗೊತ್ತಿರಬೇಕು. ಪೆಡಲ್ ಮೊದಲಿನಷ್ಟೇ ಗಟ್ಟಿ, ಆದರೆ ಕಾರು ನಿಲ್ಲುತ್ತಿಲ್ಲ ಎಂದಾದರೆ ಪ್ಯಾಡ್ ಮಿತಿಮೀರಿ ಕಾದಿದೆ. ಒಂದು ಲ್ಯಾಪ್ ನಿಧಾನವಾಗಿ ಸುತ್ತಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಒಳಗೆ ಆವಿ ಸೇರಿದೆ. ಇದು ಅಪಾಯ. ತಕ್ಷಣ ಗೇರು ಇಳಿಸಿ, ಪೆಡಲನ್ನು ಎರಡು ಮೂರು ಸಲ ಒತ್ತಿಬಿಟ್ಟು ಒತ್ತಡ ಕೂಡಿಸಿ, ಪಿಟ್‌ಗೆ ಬನ್ನಿ. ಆ ಆಯಿಲ್ ಬದಲಾಗುವವರೆಗೆ ಮತ್ತೆ ಟ್ರ್ಯಾಕಿಗೆ ಇಳಿಯಬಾರದು. ಸರ್ವೀಸ್ ಪುಸ್ತಕದಲ್ಲಿ ದಿನಾಂಕ ನೋಡಿ ಎಂದದ್ದು ಇದಕ್ಕೇ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಾಳಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಎರಡು ವರ್ಷ ನಿಂತ ಕಾರಾದರೆ ಟ್ರ್ಯಾಕಿಗೆ ಮೊದಲು ಆಯಿಲ್ ಬದಲಿಸಿಯೇ ಹೊರಡಿ.

ಹಂತ 9: ತಿರುವಿನಲ್ಲಿ ಕಾರಿನ ಮಿತಿ

ಟೈರಿಗೆ ಇರುವ ಹಿಡಿತ ಇಷ್ಟೇ ಎಂಬ ಲೆಕ್ಕವಿದೆ. ಅದನ್ನು ಬ್ರೇಕಿಗೂ ತಿರುವಿಗೂ ವೇಗಕ್ಕೂ ಹಂಚಿಕೊಳ್ಳಬೇಕು. ಪೂರ್ತಿ ಬ್ರೇಕಿನಲ್ಲಿ ಪೂರ್ತಿ ತಿರುಗಿಸಲು ಆಗದು. ನಿಧಾನದ, ಹೊರಗೆ ವಿಶಾಲ ಬಯಲಿರುವ ಒಂದು ತಿರುವನ್ನು ತರಬೇತುದಾರರಿಂದ ಕೇಳಿ ಆರಿಸಿಕೊಳ್ಳಿ. ಮೊದಲು ಒಂದೇ ಸಮನಾದ ವೇಗದಲ್ಲಿ ಸುತ್ತಿ. ಪ್ರತಿ ಲ್ಯಾಪಿಗೆ ಎರಡು ಮೂರು ಕಿ.ಮೀ. ಏರಿಸಿ. ಒಂದು ಹಂತದಲ್ಲಿ ಮುಂದಿನ ಟೈರು ನರಳಿ, ಕಾರು ಹೊರಕ್ಕೆ ಸರಿಯುತ್ತದೆ. ಎಷ್ಟು ಮುಂಚೆ ಎಚ್ಚರಿಕೆ ಕೊಟ್ಟಿತು? ಹಠಾತ್ತನೆ ಬಿಟ್ಟಿತೇ, ಮೆಲ್ಲಗೆ ಬಿಟ್ಟಿತೇ? ನಾನು ಕಾರುಗಳನ್ನು ಅಳೆಯುವುದು ಈ ಎಚ್ಚರಿಕೆಯ ಅವಧಿಯಿಂದ. ಹಿಡಿತ ಎಷ್ಟೇ ಇರಲಿ, ಹೇಳದೆ ಬಿಡುವ ಕಾರನ್ನು ನಂಬಲಾಗುವುದಿಲ್ಲ.

ಆಮೇಲೆ ಅದೇ ತಿರುವಿನಲ್ಲಿ, ಮಿತಿಗಿಂತ ಕೊಂಚ ಕೆಳಗಿನ ವೇಗದಲ್ಲಿ, ನಡುವೆ ಆಕ್ಸಿಲರೇಟರಿನಿಂದ ಕಾಲನ್ನು ಸ್ವಲ್ಪ ಎತ್ತಿ. ಭಾರ ಮುಂದಕ್ಕೆ ಸರಿದು ಹಿಂದಿನ ಟೈರಿನ ಮೇಲಿನ ಒತ್ತಡ ಇಳಿಯುತ್ತದೆ, ಮೂತಿ ಒಳಕ್ಕೆ ಹೊರಳುತ್ತದೆ. ಎಂಜಿನ್ನಿನ ಭಾರ ಆಕ್ಸಲ್‌ನಿಂದಾಚೆ ಇರುವುದರಿಂದ, ಹಿಂಭಾಗ ಒಮ್ಮೆ ಬೀಸಲು ಶುರುವಾದರೆ ಬೀಸು ಜೋರು. ಹಳೆಯ 911ಗಳಿಗೆ ಕೆಟ್ಟ ಹೆಸರು ಬಂದದ್ದು ಇದರಿಂದಲೇ. ಇಂದಿನ ಅಗಲ ಟೈರು, ಸಸ್ಪೆನ್ಷನ್, ಕಂಪ್ಯೂಟರು ಇದನ್ನು ಬಹುಮಟ್ಟಿಗೆ ಪಳಗಿಸಿವೆ, ಇಲ್ಲವಾಗಿಸಿಲ್ಲ. ಸ್ಟೆಬಿಲಿಟಿ ಕಂಟ್ರೋಲ್ ಯಾವಾಗ ಒಳಬಂತು, ಮೆಲ್ಲಗೆ ಒಂದು ಚಕ್ರ ಹಿಡಿಯಿತೇ, ಎಂಜಿನ್ನನ್ನೇ ಕತ್ತರಿಸಿಬಿಟ್ಟಿತೇ ಎಂದು ಗಮನಿಸಿ. ಅದರ ಪಿಎಸ್‌ಎಂ ಸ್ಪೋರ್ಟ್ ಎಂಬ ಸಡಿಲ ಸೆಟ್ಟಿಂಗನ್ನು ತರಬೇತುದಾರರು ಸರಿ ಎಂದರೆ ಮಾತ್ರ ಹಾಕಿ. ಪೂರ್ತಿ ಆಫ್ ಮಾಡುವುದು ಪರೀಕ್ಷೆಯ ಭಾಗವಲ್ಲ.

ಒಂದು ಸೆಷನ್ ಹದಿನೈದು ನಿಮಿಷ ಇದ್ದರೂ ಜೋರು ಲ್ಯಾಪ್ ಮೂರೋ ನಾಲ್ಕೋ ಸಾಕು. ರಸ್ತೆಯ ಟೈರು ಅದಕ್ಕಿಂತ ಹೆಚ್ಚು ತಾಳದು. ಚಾಲಕನ ಗಮನವೂ ಅಷ್ಟೇ.

ಹಂತ 10: ಇಳಿದ ಮೇಲೆ

ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದ ಹಾಗೆ, ಮೇಲಿನ ಗೇರಿನಲ್ಲಿ ಸುತ್ತಿ ಬನ್ನಿ. ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಬೇಡಿ. ಸಮತಟ್ಟಾದ ನೆಲದಲ್ಲಿ ಪಿ ಗೇರಿನಲ್ಲಿ ಬಿಟ್ಟು ಚಕ್ರ ಉರುಳದಂತೆ ಅಡ್ಡ ಕೊಡಿ.

ಕೂಡಲೇ ಗಾಳಿ ನೋಡಿ. ಟೈರಿನೊಳಗಿನ ಗಾಳಿ 40 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 6 ಪಿಎಸ್‌ಐ ಏರುತ್ತದೆ. ಬೆಳಗ್ಗೆ 30 ಇದ್ದದ್ದು ಈಗ 36. ಬಿಸಿಯಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು ಇರಬೇಕೆಂದು ತರಬೇತುದಾರರನ್ನು ಕೇಳಿ, ಆ ಅಂಕಿಗಳಿಗೆ ಇಳಿಸಿ. ಹೆದ್ದಾರಿ ಹಿಡಿಯುವ ಮೊದಲು, ಟೈರು ತಣಿದ ಮೇಲೆ, ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವ ಒತ್ತಡಕ್ಕೆ ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ 300 ಕಿ.ಮೀ. ಓಡಿಸಿದರೆ ಟೈರು ಒಳಗೇ ಕಾದು ಹಾಳಾಗುತ್ತದೆ. ಟೈರಿನ ಹೊರ ಭುಜ ಮಾತ್ರ ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ಟ್ರ್ಯಾಕಿಗೆ ಹೊಂದಿಲ್ಲ. ಚಕ್ರದ ಬೋಲ್ಟುಗಳನ್ನೂ ತಣಿದ ಮೇಲೆ ಮತ್ತೆ ಬಿಗಿ ನೋಡಿ. ಆಯಿಲ್ ಮಟ್ಟವನ್ನು ಬೆಳಗ್ಗೆ ತೆಗೆದ ಫೋಟೊ ಜೊತೆ ಹೋಲಿಸಿ.

ಪ್ರತಿ ಸೆಷನ್ ಮುಗಿದ ಐದು ನಿಮಿಷದೊಳಗೆ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ: ಬ್ರೇಕ್, ಮೂತಿ, ಹಿಂಭಾಗ, ಗೇರು, ತಾಪಮಾನ, ನಿಮಗಾದ ಭಯ. ಸಂಜೆಗೆ ಉಳಿಯುವುದು ಉತ್ಸಾಹ ಮಾತ್ರ, ವಿವರ ಉಳಿಯದು.

ಅದೇ ಸಂಜೆ ಅಡ್ವಾನ್ಸ್ ಕೊಡಬೇಡಿ. ಮರುದಿನ ಬೆಳಗ್ಗೆ ಅದೇ ಕಾರನ್ನು ತಣ್ಣಗೆ ಸ್ಟಾರ್ಟ್ ಮಾಡಿ. ಬ್ರೇಕಿನ ಮೊದಲ ಒತ್ತು ನಿನ್ನೆಯಷ್ಟೇ ಗಟ್ಟಿಯಿದೆಯೇ, ಕಾರಿನಡಿ ಹನಿ ಬಿದ್ದಿದೆಯೇ, 60ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆಯೇ ನೋಡಿ. ನಡುಗಿದರೆ ಡಿಸ್ಕಿನ ಮೇಲೆ ಪ್ಯಾಡಿನ ಪದರ ಒಂದೇ ಸಮನಾಗಿ ಕೂತಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಮೇಲೆ ಮೂರನೇ ಹಂತದ ಅದೇ ಟ್ರಾಫಿಕ್, ಅದೇ ಹಂಪ್ಸ್ ದಾಟಿಸಿಕೊಂಡು ವಾಪಸ್ ಬನ್ನಿ. ರಸ್ತೆಯ ಉತ್ತರ ಒಂದು ಹಾಳೆಯಲ್ಲಿ, ಟ್ರ್ಯಾಕಿನ ಉತ್ತರ ಇನ್ನೊಂದರಲ್ಲಿ ಬರೆದಿಡಿ. ವರ್ಷಕ್ಕೆ ಎರಡು ಸಲ ಟ್ರ್ಯಾಕಿಗೆ ಹೋಗುವವರು ಮೊದಲ ಹಾಳೆ ನೋಡಿ ಕೊಳ್ಳಲಿ, ತಿಂಗಳಿಗೊಮ್ಮೆ ಹೋಗುವವರು ಎರಡನೆಯದನ್ನು ನೋಡಿ.